ಸೊಸೆ ಗೋಡೆ ಒರೆಸಿದ್ದು

ಶಾಲೆಯವರು ಕೊಟ್ಟ ಟ್ಯಾಬನ್ನು ನನ್ನ ಸೊಸೆ ಮನೆಗೆ ತಂದ ಸಂಜೆಯೇ ನಾನು ಹೇಳಿದ್ದೆ, ಇನ್ನು ಈ ಮನೆಯಲ್ಲಿ ಯಾರೂ ಬಿಸಿ ಅನ್ನ ಉಣ್ಣುವುದಿಲ್ಲ ಅಂತ. ಮುದುಕಿಯ ಮಾತು ಯಾರಿಗೆ ಬೇಕು? ಊಟದ ಮೇಜಿನ ನಟ್ಟನಡುವೆ, ಅನ್ನದ ಪಾತ್ರೆ ಇಡುವ ಜಾಗದಲ್ಲೇ ಅದನ್ನು ಇಟ್ಟರು. ಪಾತ್ರೆ ನನ್ನ ಕೈಯಲ್ಲೇ ಉಳಿಯಿತು.

"ಇದನ್ನ ಎಲ್ಲಿಡ್ಲಿ? ನನ್ನ ತಲೆ ಮೇಲಾ?" ಎಂದೆ.

"ಸ್ವಲ್ಪ ತಡೀರಿ ಅತ್ತೆ. ಚಾರ್ಜ್ ಆಗ್ತಿದೆ. ವೈರ್ ಇಷ್ಟೇ ಉದ್ದ ಇರೋದು."

ಮೊದಲು ನಾವೆಲ್ಲ ಯಾರು ಅಂತ ಹೇಳಿಬಿಡುತ್ತೇನೆ. ಸೊಸೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹತ್ತನೇ ತರಗತಿ ಅಂದರೆ ಅವಳಿಗೆ ಜೀವ. ಮೈನಸ್ ಚಿಹ್ನೆ ಕಂಡರೆ ನಡುಗುವ ಎಷ್ಟೋ ಮಕ್ಕಳನ್ನು ಬೈಯದೆ ಹೊಡೆಯದೆ ದಡ ಸೇರಿಸಿದವಳು. ನನ್ನ ಮಗ ಲಿಫ್ಟ್ ಮೆಕ್ಯಾನಿಕ್. ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ನಡುವೆ ನಿಂತರೆ ಅವನಿಗೆ ಫೋನ್ ಬರುತ್ತದೆ. ಮೊಮ್ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಮಾತು, ನಡಿಗೆ, ಸಿಟ್ಟು ಎಲ್ಲದರಲ್ಲೂ ಚುರುಕು ಅಂತ ಅವಳನ್ನು ಚೂಟಿ ಅನ್ನುತ್ತೇವೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಲ್ಲಿ ಎರಡೂ ಕಾಲ ಒಟ್ಟಿಗೇ ನಡೆಯುತ್ತಿತ್ತು. ಅಡುಗೆಮನೆ ನನ್ನದು, ಉಳಿದದ್ದೆಲ್ಲ ಅವಳದು. ಒಬ್ಬರ ಗಡಿ ಇನ್ನೊಬ್ಬರು ದಾಟುತ್ತಿರಲಿಲ್ಲ.

ಆ ಸಂಜೆ ಅನ್ನ ಬಡಿಸುವಾಗ ಅವಳು ವಿಷಯ ಬಾಯಿಬಿಟ್ಟಳು.

"ಇನ್ಮೇಲೆ ಎಲ್ಲರೂ ವೆಬ್‌ನಲ್ಲಿ ಪಾಠ ಮಾಡೋದು ಕಲೀಬೇಕಂತೆ. ಅರ್ಧ ವರ್ಷದ ಪರೀಕ್ಷೆಗೆ ಮುಂಚೆ ಆಡಳಿತ ಮಂಡಳಿಯವರು ಬಂದು, ಹಿಂದೆ ಕೂತು, ಒಂದು ಪಾಠ ನೋಡ್ತಾರಂತೆ. ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಹತ್ತನೇ ಕ್ಲಾಸು ಹೊಸದಾಗಿ ಬಂದಿರೋ ಮೇಷ್ಟ್ರಿಗೆ. ನನಗೆ ಲೈಬ್ರರಿ ಬೀಗದ ಕೈ."

"ಲೈಬ್ರರಿ ಒಳ್ಳೇದೇ ಅಲ್ವಾ? ನೆರಳು, ಫ್ಯಾನು, ಗಲಾಟೆ ಇಲ್ಲ," ಎಂದ ನನ್ನ ಮಗ.

ಅವಳು ಅವನನ್ನು ನೋಡಿದ ನೋಟಕ್ಕೆ ಲಿಫ್ಟೇ ಕೆಳಗಿಳಿದುಹೋಗುತ್ತಿತ್ತು. ಅವನು ತಟ್ಟೆಯ ಕಡೆ ಮುಖ ಮಾಡಿ ಆಲೂಗಡ್ಡೆ ಹುಡುಕತೊಡಗಿದ.

"ಅಯ್ಯೋ ಅಮ್ಮಾ, ಇದೇನು ಮಹಾ! ನಾನು ಕಲಿಸ್ತೀನಿ ಬಿಡು," ಎಂದಳು ಚೂಟಿ.

ಅಲ್ಲೇ ಶುರುವಾಯಿತು ನೋಡಿ.

ದಿನಾ ಊಟವಾದ ಮೇಲೆ ತಾಯಿ, ಮಗಳು ಮೇಜಿಗೆ ಕೂರುವರು. ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುವೆ. ಶಾಲೆಯ ಆ ಪುಟಕ್ಕೆ ಎಲ್ಲರೂ 'ಗೋಡೆ' ಅನ್ನುತ್ತಿದ್ದರು. ತರಗತಿಯ ಒಬ್ಬೊಬ್ಬ ಮಗುವಿಗೂ ಆ ಗೋಡೆಯ ಮೇಲೆ ಒಂದೊಂದು ಚೌಕ. ಮಗು ತನ್ನ ಚೌಕದಲ್ಲಿ ಲೆಕ್ಕ ಬರೆದರೆ ಎಲ್ಲರಿಗೂ ಕಾಣುತ್ತದೆ. ಟೀಚರ್ ಅಲ್ಲೇ ತಿದ್ದಬಹುದು. ಇಷ್ಟು ನನಗೂ ಅರ್ಥವಾಗಿತ್ತು. ಆದರೆ ಚೂಟಿ ಕಲಿಸುವ ರೀತಿ ಬೇರೆ.

"ನೋಡಮ್ಮ, ಇಲ್ಲಿ ಒತ್ತು, ಇಲ್ಲಿ, ಆಮೇಲೆ ಇಲ್ಲಿ. ಮುಗೀತು."

"ಏನು ಮುಗೀತು?"

"ಅಯ್ಯೋ, ಕೊಡಿಲ್ಲಿ." ಟ್ಯಾಬ್ ಕಿತ್ತುಕೊಂಡು, ನಾಲ್ಕು ಕಡೆ ಕುಟ್ಟಿ, ವಾಪಸ್ಸು ಕೊಡುವಳು. ಕೆಲಸ ಆಗಿರುತ್ತಿತ್ತು. ಕಲಿತವರು ಮಾತ್ರ ಯಾರೂ ಇಲ್ಲ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ, ಮತ್ತೆ "ಕೊಡಿಲ್ಲಿ".

"ಲೇ ಚೂಟಿ, ಮಗುವಿಗೆ ನಡಿಯೋದು ಕಲಿಸ್ತೀನಿ ಅಂತ ಎತ್ಕೊಂಡು ಓಡಿದ್ರೆ ಅದು ನಡಿಯೋದು ಯಾವಾಗ ಕಲಿಯುತ್ತೆ?" ಎಂದು ನಾನು ಒಳಗಿನಿಂದ ಕೂಗಿದರೆ, "ಅಜ್ಜಿ, ನೀನು ಪಾತ್ರೆ ನೋಡ್ಕೋ," ಅನ್ನುವಳು.

ಹೀಗೆ ಎರಡು ವಾರ ಎಳೆಯಿತು. ಒಂದು ದಿನ ನಾವಿನ್ನೂ ಊಟ ಮಾಡುತ್ತಿದ್ದೆವು. ಸೊಸೆ ಎಡಗೈಯಲ್ಲಿ ಟ್ಯಾಬ್ ಹಿಡಿದು ಏನೋ ಕೇಳಿದಳು. ಚೂಟಿಗೆ ಮಾರನೆಯ ದಿನ ಏನೋ ಪರೀಕ್ಷೆ, ತಲೆ ಬಿಸಿಯಾಗಿತ್ತು.

"ಅಮ್ಮಾ, ಎಷ್ಟು ಸಲ ಹೇಳ್ಲಿ? ಇಷ್ಟು ಸುಲಭದ್ದು ತಲೆಗೆ ಹೋಗಲ್ವಾ?"

ಸೊಸೆ ಟ್ಯಾಬನ್ನು ಮೆಲ್ಲನೆ ಕೆಳಗಿಟ್ಟಳು.

"ಆ ಮಾತನ್ನ ನನ್ನ ಕ್ಲಾಸಲ್ಲಿ ಯಾರಾದ್ರೂ ಆಡಿದ್ರೆ ಹೊರಗೆ ನಿಲ್ಲಿಸ್ತೀನಿ."

"ಹಾಗಾದ್ರೆ ನಾನು ಹೊರಗೇ ನಿಲ್ತೀನಿ!" ಚೂಟಿ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ದಢಾರನೆ ಹಾಕಿಕೊಂಡಳು. "ಬೇರೆಯವರ ಮಕ್ಕಳಿಗೆ ಸಹನೆ, ನನಗೆ ಮಾತ್ರ ಸಿಡುಕು," ಎಂದದ್ದು ಬಾಗಿಲ ಆಚೆಯಿಂದ ಕೇಳಿಸಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆವತ್ತಿನಿಂದ ತಾಯಿ ಮಗಳ ನಡುವೆ ಮಾತಿಲ್ಲ. ನಾನು ಪೋಸ್ಟ್‌ಮ್ಯಾನ್ ಆದೆ. "ಅಜ್ಜಿ, ಅಮ್ಮಂಗೆ ಹೇಳು, ನಾಳೆ ನನಗೆ ಬೇಗ ತಿಂಡಿ ಬೇಕು." "ಅತ್ತೆ, ಅವಳಿಗೆ ಹೇಳಿ, ಬಚ್ಚಲಲ್ಲಿ ಒದ್ದೆ ಟವಲ್ ಬಿಡಬಾರ್ದು ಅಂತ." ಇಬ್ಬರೂ ಒಂದೇ ಮೇಜಿಗೆ ಕೂತು, ನನ್ನ ಮುಖ ನೋಡಿ, ಒಬ್ಬರಿಗೊಬ್ಬರು ಬೈದುಕೊಳ್ಳುವರು. ನನ್ನ ಮಗನಂತೂ ಯಾವಾಗ ಲಿಫ್ಟ್ ಕೆಡುತ್ತದೋ ಎಂದು ಫೋನ್ ನೋಡುತ್ತ ಕೂರುತ್ತಿದ್ದ.

ಒಂದು ಬೆಳಿಗ್ಗೆ ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಗಿತ್ತು.

"ಅತ್ತೆ, ನನ್ನ ಕೈಲಿ ಆಗಲ್ಲ ಅನ್ಸುತ್ತೆ. ಹತ್ತನೇ ಕ್ಲಾಸು ಬಿಟ್ಟುಬಿಡ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ಬಿಡ್ತಾಳಂತೆ! ನೀನು ಈ ಮನೆಗೆ ಬಂದಾಗ ಸ್ಟೌ ಹಚ್ಚೋಕೆ ಹೆದರ್ತಿದ್ದೆ. ನಾನೇನು ಓಡಿಸಿಬಿಟ್ನಾ? ನಿಂಗೆ ಮೇಷ್ಟ್ರು ಬೇಕಾಗಿಲ್ಲ ಕಣೆ, ಶಿಷ್ಯರು ಬೇಕು. ನೀನು ಕಲಿಯೋದೇ ಕಲಿಸ್ತಾ ಕಲಿಸ್ತಾ. ನನಗೆ ಕಲಿಸು."

"ನಿಮಗಾ?"

"ಯಾಕೆ, ನನ್ನ ತಲೆಯಲ್ಲಿ ಬರೀ ಬೀನ್ಸ್ ಇದೆಯಾ?"

ಆ ಸಂಜೆ ನನ್ನ ಮಗ ತನ್ನ ಹಳೆಯ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿಕೊಟ್ಟ. ಸೊಸೆ ಹೆಡ್ ಮೇಡಂ ಅವರನ್ನು ಕೇಳಿ, ತರಗತಿಯ ಗೋಡೆಯಲ್ಲೇ ನನಗೊಂದು ಚೌಕ ಮಾಡಿದಳು. ಹೆಸರು ಏನಿಡಲಿ ಎಂದಾಗ, "ನಾನು ಓದಿದಷ್ಟು ದಿನವೂ ಕೊನೆ ಬೆಂಚಲ್ಲೇ ಕೂತದ್ದು, ಹಾಗೇ ಇಡು," ಎಂದೆ. ನನ್ನ ಚೌಕದ ನೆತ್ತಿಯ ಮೇಲೆ 'ಕೊನೆ ಬೆಂಚು' ಅಂತ ಬಂತು.

ನಾನು ಅಡುಗೆಮನೆಯಲ್ಲಿ, ಅವಳು ಊಟದ ಮೇಜಿನಲ್ಲಿ. ಅವಳು ಲೆಕ್ಕ ಹಾಕುವಳು, ನಾನು ಬೆರಳು ಒರೆಸಿಕೊಂಡು ಉತ್ತರ ಬರೆಯುವೆ. ನನಗೆ ಬರದೇ ಹೋದಾಗ ಅವಳು ಹೊಸ ದಾರಿ ಹುಡುಕಬೇಕಾಗುತ್ತಿತ್ತು. ಚಿತ್ರ ಹಾಕುವುದು, ಬಣ್ಣ ಬದಲಿಸುವುದು, ಬಾಣದ ಗುರುತು ಎಳೆಯುವುದು, ಎಲ್ಲ ಹಾಗೇ ಕೈಗೆ ಬಂತು. "ಅತ್ತೆ, ಬಂತಾ? ಕಾಣ್ತಾ?" "ಬಂತು ಬಂತು, ಕೆಂಪಗಿದೆ." "ಕೆಂಪಲ್ಲ ಅತ್ತೆ, ಹಸಿರು ಹಾಕಿದ್ದು." "ಹಾಗಾದ್ರೆ ಇನ್ನೊಂದ್ಸಲ ಒತ್ತು." ಹದಿನೈದು ವರ್ಷದ ಹುಡುಗಿಯರ ಹಾಗೆ ನಗುತ್ತಿದ್ದೆವು. ಚೂಟಿಯ ಬಾಗಿಲು ಒಂದು ಬೆರಳಷ್ಟು ತೆರೆದಿರುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗಿದ್ದೆ.

ಒಂದು ದಿನ ಸೊಸೆಯೇ ಎಡವಿದಳು. ೯ − (೫ − ೨) ಎಂದು ಬರೆದು, ಕೆಳಗೆ ೯ − ೫ − ೨ ಎಂದು ಬಿಡಿಸಿ, ಉತ್ತರ ೨ ಅಂದುಬಿಟ್ಟಳು. ಆವರಣದ ಮುಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆ ಬದಲಾಗಬೇಕು ಅಂತ ವರ್ಷಗಟ್ಟಲೆ ಮಕ್ಕಳಿಗೆ ಬಡಿದುಕೊಂಡವಳು ಇವಳೇ. ಗಾಬರಿಯಲ್ಲಿ ಥಟ್ಟನೆ ಅಳಿಸಿದಳು.

"ಅತ್ತೆ, ನೀವು ನೋಡ್ಲಿಲ್ಲ ತಾನೆ?"

"ನಾನಾ? ಒಲೆ ಮೇಲೆ ಹಾಲಿಟ್ಟಿದ್ದೀನಮ್ಮ," ಎಂದೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ.

ಶಾಲೆಯಲ್ಲೂ ಅವಳು ಗೋಡೆ ಹಚ್ಚಿ ಪಾಠ ಶುರುಮಾಡಿದಳು. ಅಲ್ಲೊಂದು ಎಡವಟ್ಟು ನನ್ನಿಂದ ಆಯಿತು. ಅವಳಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ, ತರಗತಿಯಲ್ಲಿರುತ್ತಾಳೆ. ಹೇಗೂ ಚೌಕ ಇದೆಯಲ್ಲ ಅಂತ ಬರೆದೆ: 'ಬೀನ್ಸ್ ಮುಗಿದಿದೆ. ಬರುವಾಗ ತಾ.' ತರಗತಿಯ ದೊಡ್ಡ ಪರದೆಯ ಮೇಲೆ, ಸಮೀಕರಣಗಳ ನಡುವೆ, ಬೀನ್ಸ್! ಮಕ್ಕಳು ಬೆಂಚು ಕುಟ್ಟಿ ನಕ್ಕರಂತೆ. ಸಂಜೆ ಸೊಸೆ ಬೈಯುತ್ತಾಳೆ ಅಂದುಕೊಂಡಿದ್ದೆ. ಬೀನ್ಸ್ ಚೀಲ ಕೈಗಿಟ್ಟು, "ನಾಳೆ ಏನು ಬೇಕು ಅಂತ ಮಕ್ಕಳು ಕೇಳ್ತಿದಾರೆ," ಎಂದಳು. ಆವತ್ತಿನಿಂದ ಮಕ್ಕಳು ಬೆಳಿಗ್ಗೆ ನನ್ನ ಚೌಕದ ಪಕ್ಕ 'ನಮಸ್ಕಾರ ಕೊನೆ ಬೆಂಚು' ಅಂತ ಬರೆದು ಲೆಕ್ಕಕ್ಕೆ ಕೂರತೊಡಗಿದರು.

ಎಲ್ಲ ಸರಿಹೋಯಿತು ಅಂದುಕೊಂಡೆ. ಸರಿಹೋಯಿತು ಅಂದುಕೊಂಡಾಗಲೇ ಕಾಲಿಗೆ ಬಳ್ಳಿ ತೊಡರುವುದು.

ನನ್ನ ಸೊಸೆಗೆ ಒಂದು ಅಭ್ಯಾಸ. ಅಭ್ಯಾಸವಲ್ಲ, ನೇಮ. ತರಗತಿ ಮುಗಿದರೆ ಕರಿಹಲಗೆಯನ್ನು ಮೂಲೆ ಮೂಲೆ ಒರೆಸದೆ ಆಚೆ ಬರುವವಳಲ್ಲ. ಮುಂದೆ ಬರುವ ಟೀಚರ್ ಕೈಗೆ ಕೊಳೆ ಹಲಗೆ ಕೊಡುವುದು ಮರ್ಯಾದೆಯಲ್ಲ ಅನ್ನುತ್ತಾಳೆ. ನಾನು ಒಲೆಕಟ್ಟೆ ಒರೆಸದೆ ಮಲಗುವುದಿಲ್ಲ, ಅವಳು ಹಲಗೆ ಒರೆಸದೆ ಮನೆಗೆ ಬರುವುದಿಲ್ಲ. ಈ ಒಂದು ವಿಷಯದಲ್ಲಿ ನಮಗೆ ಯಾವತ್ತೂ ಜಗಳವಿಲ್ಲ. ದಿನಾ ನಮ್ಮ ಅಭ್ಯಾಸ ಮುಗಿದ ಮೇಲೂ ನನ್ನ ಚೌಕವನ್ನು ಶುಚಿಯಾಗಿ ಒರೆಸಿಯೇ ಏಳುತ್ತಿದ್ದಳು.

ಮಂಡಳಿಯವರು ಬರುವ ಹಿಂದಿನ ದಿನ ಸಂಜೆ, ನಾವು ಕೊನೆಯ ಅಭ್ಯಾಸ ಮುಗಿಸಿದೆವು. ನಾನು ಉಪ್ಪಿನ ಡಬ್ಬಿಯ ಪಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಫೋನಿನಲ್ಲಿ ನೋಡುತ್ತೇನೆ, ನನ್ನ ಚೌಕ ಖಾಲಿಯಾಯಿತು. ಆಮೇಲೆ ಪಕ್ಕದ ಚೌಕ, ಅದರ ಪಕ್ಕದ್ದು. ಸಾಲಾಗಿ ಗೋಡೆಯಿಡೀ ಬೆಳ್ಳಗಾಯಿತು.

"ಒರೆಸಿದ್ಯಾ?" ಎಂದೆ.

"ಒರೆಸಿದೆ ಅತ್ತೆ. ನಾಳೆ ದೊಡ್ಡವರು ಬರ್ತಾರೆ, ಗೋಡೆ ಚೊಕ್ಕಟವಾಗಿರಲಿ."

"ಭೇಷ್," ಎಂದೆ. ನನ್ನ ಬಾಯಿಂದಲೇ ಬಂತು ನೋಡಿ ಆ ಮಾತು.

ಕುಕ್ಕರ್ ಕೂಗುವ ಮೊದಲೇ ಅವಳ ಫೋನ್ ಕೂಗಿತು. ವಿಜ್ಞಾನದ ಮೇಷ್ಟ್ರು. ಅವರ ದನಿ ನನ್ನವರೆಗೂ ಕೇಳಿಸುತ್ತಿತ್ತು.

"ಮೇಡಂ, ಗೋಡೆ ಪೂರ್ತಿ ಖಾಲಿ ಆಗಿದೆ! ಮಕ್ಕಳು ಈ ಎರಡು ತಿಂಗಳು ಮಾಡಿದ್ದೆಲ್ಲ ಹೋಗಿದೆ. ನನ್ನ ಪ್ರಯೋಗದ್ದೂ ಅದರಲ್ಲೇ ಇತ್ತು. ನಾಳೆ ಮಂಡಳಿಯವರು ನೋಡೋಕೆ ಬರ್ತಿರೋದೇ ಅದನ್ನ. ನಿಮಗೇನಾದ್ರೂ ಗೊತ್ತಾ?"

ಸೊಸೆ, "ನೋಡ್ತೀನಿ ಸರ್," ಎಂದು ಫೋನ್ ಇಟ್ಟಳು. ಆಮೇಲೆ ನನ್ನನ್ನು ನೋಡಿ, "ಅತ್ತೆ, ಅದು ಹಲಗೆ ಅಲ್ಲ. ಅಲ್ಲಿ ಮಕ್ಕಳ ನೋಟ್ಸೂ ಇತ್ತು. ನಾನು ಮಕ್ಕಳ ನೋಟ್ಸ್ ಒರೆಸಿಬಿಟ್ಟೆ," ಎಂದಳು.

ನನಗೆ ಲೈಬ್ರರಿ ಬೀಗದ ಕೈ ಮೇಜಿನ ಮೇಲೆ ಬಿದ್ದ ಸದ್ದೇ ಕೇಳಿಸಿದ ಹಾಗಾಯಿತು.

ಅವಳು ಟ್ಯಾಬ್ ಹಿಡಿದು ಕಂಡಕಂಡಲ್ಲಿ ಒತ್ತತೊಡಗಿದಳು. ಪರದೆಯ ಮೇಲೆ ಏನೋ ಒಂದು ಪ್ರಶ್ನೆ ಬಂದು ನಿಂತಿತು. ಆ ಹೊತ್ತಿಗೆ ಸರಿಯಾಗಿ ಕೆಲಸದಿಂದ ಬಂದ ನನ್ನ ಮಗ, ಬೂಟು ಕೂಡ ಬಿಚ್ಚದೆ ಒಳಗೆ ನುಗ್ಗಿದ.

"ಏನೂ ಒತ್ತಬೇಡ! ಕೈ ತೆಗಿ!"

"ರೀ, ಬಿಡ್ರೀ, ಸರಿ ಮಾಡ್ತಿದ್ದೀನಿ..."

"ಲಿಫ್ಟ್ ನಿಂತಾಗ ಒಳಗಿರೋರೂ ಹಾಗೇ ಅಂತಾರೆ. ಇರೋ ಬಟನ್ನೆಲ್ಲ ಒತ್ತಿ, ಇನ್ನೂ ಹಾಳು ಮಾಡ್ತಾರೆ. ಕೈ ತೆಗಿ ಅಂದೆ."

ಅವಳು ಕೈ ತೆಗೆದಳು. ನಾನು ಕನ್ನಡಕ ಹಾಕಿಕೊಂಡು ಆ ಪ್ರಶ್ನೆ ಓದಿದೆ. 'ಕಸದ ಬುಟ್ಟಿಯನ್ನೂ ಶಾಶ್ವತವಾಗಿ ಖಾಲಿ ಮಾಡಬೇಕೇ?' ಕೆಳಗೆ 'ಹೌದು' ಅಂತ ನೀಲಿಯಲ್ಲಿ ಹೊಳೆಯುತ್ತಿತ್ತು.

"ಈಗ ಏನು ಮಾಡೋದು?" ಎಂದ ಮಗ. ಅವನಿಗೂ ಅಷ್ಟೇ ಗೊತ್ತಿದ್ದದ್ದು.

ಮೂವರೂ ಚೂಟಿಯ ಬಾಗಿಲು ನೋಡಿದೆವು. ಅದು ಆವತ್ತು ಪೂರ್ತಿ ಮುಚ್ಚಿತ್ತು. ಸೊಸೆ ನನ್ನ ಕಡೆ ತಿರುಗಿದಳು.

"ಅತ್ತೆ, ಅವಳಿಗೆ ಹೇಳಿ..."

"ಪೋಸ್ಟ್ ಆಫೀಸ್ ಮುಚ್ಚಿದೆ," ಎಂದೆ ನಾನು. "ನೀನೇ ಹೋಗು."

ಅವಳು ಹೋಗಿ ಬಾಗಿಲು ತಟ್ಟಿದಳು. ತನ್ನ ಶಾಲೆಯ ಮಕ್ಕಳು ಸ್ಟಾಫ್ ರೂಮಿನ ಬಾಗಿಲು ತಟ್ಟುವಷ್ಟು ಮೆಲ್ಲಗೆ.

"ಚೂಟಿ, ನಾನು ತಪ್ಪು ಮಾಡಿದ್ದೀನಿ. ಗೋಡೆ ಒರೆಸಿಬಿಟ್ಟೆ. ನಿನ್ನ ಮುಂದೆ ದಡ್ಡಿ ಅನ್ಸಿಕೊಳ್ಳೋಕೆ ನಾಚಿಕೆ ಆಗ್ತಿತ್ತು ಕಣೆ, ಅದಕ್ಕೇ ಸಿಡುಕ್ತಿದ್ದೆ. ಈಗ ನಾಚಿಕೆ ಇಲ್ಲ. ಕಲಿಸ್ತೀಯಾ?"

ಬಾಗಿಲು ತೆರೆಯಿತು. ಚೂಟಿಯ ಮೂಗು ಕೆಂಪಗಿತ್ತು. ಎಲ್ಲ ಕೇಳಿಸಿಕೊಂಡಿದ್ದಳು ಅನ್ನಿಸುತ್ತದೆ. ನೆಟ್ಟಗೆ ಮೇಜಿಗೆ ಬಂದು, "ಕೊಡಿ..." ಎಂದು ಕೈ ಚಾಚಿದಳು. ಅಷ್ಟಕ್ಕೇ ನಿಂತಳು. ನನ್ನನ್ನೊಮ್ಮೆ ನೋಡಿದಳು. ಕುರ್ಚಿ ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತಳು.

"ನೀನೇ ಒತ್ತು ಅಮ್ಮಾ. ಮೊದಲು ಆ ಪ್ರಶ್ನೆಗೆ 'ಬೇಡ' ಅನ್ನು."

"ಬೇಡ."

"ಬಾಯಲ್ಲಿ ಅಲ್ಲ, ಬೆರಳಲ್ಲಿ."

ನನ್ನ ಮಗ ನಕ್ಕುಬಿಟ್ಟ. ಸೊಸೆಯೂ ಅಳುತ್ತಲೇ ನಕ್ಕಳು.

"ಈಗ ಮೇಲೆ ಮೂಲೆಯಲ್ಲಿ ಏನಿದೆ?"

"ಗಡಿಯಾರದ ಚಿತ್ರ."

"ಯಾಕಿರಬಹುದು ಹೇಳು?"

ಸೊಸೆ ಒಂದು ಕ್ಷಣ ಯೋಚಿಸಿದಳು. "ಹಿಂದಿನದು ತೋರಿಸೋಕಾ?"

"ಒತ್ತಿ ನೋಡು."

ಒತ್ತಿದಳು. ಪಕ್ಕದಲ್ಲಿ ತಾರೀಖುಗಳ ಸಾಲು ಇಳಿಯಿತು. ಆವತ್ತಿನ ಬೆಳಗಿನದನ್ನು ಮುಟ್ಟಿದಳು. ಉಪ್ಪಿನ ಡಬ್ಬಿಯ ಪಕ್ಕದ ನನ್ನ ಫೋನಿನಲ್ಲಿ ಚೌಕಗಳು ಒಂದೊಂದಾಗಿ ತುಂಬತೊಡಗಿದವು. ಲೆಕ್ಕ, ಚಿತ್ರ, ಬಾಣ, ವಿಜ್ಞಾನದ ಮೇಷ್ಟ್ರ ಪ್ರಯೋಗ, 'ನಮಸ್ಕಾರ ಕೊನೆ ಬೆಂಚು', ಎಲ್ಲ. ಹೋದ ಜೀವ ಬಂದ ಹಾಗಾಯಿತು. ನಾನು ಅಲ್ಲಿಂದಲೇ, "ಬಂತು! ಬಂತು ಕಣ್ರೇ!" ಎಂದು ಕೂಗಿಕೊಂಡೆ. ಕುಕ್ಕರ್ ಎಷ್ಟು ಸಲ ಕೂಗಿತ್ತೋ ಯಾರಿಗೂ ಗೊತ್ತಿಲ್ಲ. ಆವತ್ತು ಸೀದ ಅನ್ನವನ್ನೇ ಎಲ್ಲರೂ ಎರಡು ಸಲ ಹಾಕಿಸಿಕೊಂಡು ತಿಂದೆವು.

ಊಟದ ನಡುವೆ ಸೊಸೆ ಗಡಿಯಾರದ ಚಿತ್ರ ಒತ್ತಿ ಹಳೆಯದನ್ನೆಲ್ಲ ನೋಡುತ್ತಿದ್ದಳು. ಥಟ್ಟನೆ, "ಅಯ್ಯಯ್ಯೋ, ಇದೂ ಇದೆ!" ಎಂದಳು. ೯ − ೫ − ೨ = ೨. ಅವಳು ಗಾಬರಿಯಲ್ಲಿ ಅಳಿಸಿದ್ದ ತಪ್ಪು, ಎಲ್ಲೂ ಹೋಗದೆ ಕೂತಿತ್ತು.

"ಇದನ್ನ ತೆಗೆದುಹಾಕೋದು ಹೇಗೆ?" ಎಂದು ಮಗಳನ್ನು ಕೇಳಿದಳು. ಚೂಟಿ ಬಾಯಿ ತೆರೆಯುವಷ್ಟರಲ್ಲಿ, "ಬೇಡ ಬಿಡು," ಎಂದು ತಾನೇ ಅಂದು, ಅದನ್ನೇ ನೋಡುತ್ತ ಕೂತಳು.

ಮಾರನೆಯ ದಿನ ನನಗೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ. ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಚೂಟಿ ಕಾಲೇಜಿಗೆ ತಡವಾಗಿ ಹೋಗುತ್ತೇನೆಂದು ನನ್ನ ಭುಜಕ್ಕೆ ಗಲ್ಲ ಒತ್ತಿ ನಿಂತಳು. ಶಬ್ದ ಕೇಳುವುದಿಲ್ಲ, ಗೋಡೆ ಮಾತ್ರ ಕಾಣುತ್ತದೆ. ಮೊದಲು ಮಕ್ಕಳ ಚೌಕಗಳು. ಆಮೇಲೆ ನಡುವೆ ದೊಡ್ಡದಾಗಿ ಬಂತು ನೋಡಿ, ಟೀಚರದೇ ತಪ್ಪು ಲೆಕ್ಕ. ಅದರ ಕೆಳಗೆ ಅವಳು ಬರೆದಳು: 'ಇದು ನಾನು ಮಾಡಿದ್ದು. ಮಾಡಿ ಅಳಿಸಿದ್ದು. ಎಲ್ಲಿ ತಪ್ಪಿದೆ?'

"ಅಮ್ಮಂಗೆ ಹುಚ್ಚು ಹಿಡೀತಾ? ಅಷ್ಟು ಜನರ ಮುಂದೆ!" ಎಂದಳು ಚೂಟಿ.

ಆಮೇಲೆ ಒಂದು ಚೌಕದಲ್ಲಿ ಬಂತು: 'ಮಿಸ್, ನೀವೂನಾ??' ಇನ್ನೊಂದರಲ್ಲಿ: 'ಚಿಹ್ನೆ ಬದಲಾಗಬೇಕಿತ್ತು.' ಇನ್ನೊಂದರಲ್ಲಿ: 'ನಾನೂ ಇದೇ ತಪ್ಪು ಮಾಡಿ ಅಳಿಸಿದ್ದೆ.' 'ನಾನೂ.' 'ನಾನೂ.' ಗೋಡೆಯ ತುಂಬ ನಾನೂ, ನಾನೂ. ಯಾವತ್ತೂ ಬಾಯಿ ಬಿಡದವರು ಅಂತ ಸೊಸೆ ಹೇಳುತ್ತಿದ್ದ ಮಕ್ಕಳು ಕೂಡ ತಾವು ಅಳಿಸಿದ್ದನ್ನು ಒಬ್ಬೊಬ್ಬರಾಗಿ ಹೊರಗೆ ತೆಗೆದು ತೋರಿಸಿ, ಎಲ್ಲರೂ ಸೇರಿ ತಿದ್ದತೊಡಗಿದರು. ಚೂಟಿ ನನ್ನ ಭುಜ ಹಿಂಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂದು ಅಕ್ಷರಗಳು ಮಸುಕಾದವು. ಹೆಮ್ಮೆ ಅಂದರೆ ಹೆಮ್ಮೆ, ಮುಚ್ಚಿಡುವುದೇಕೆ?

ಇಷ್ಟಾದರೂ ಒಳಗೊಂದು ಅಳುಕು. ಪಾಠ ಮುಗಿಯಿತು ಅಂತ ಮಕ್ಕಳು ಕೈ ಮುಗಿದ ಚಿತ್ರ ಹಾಕಿದರು. ಈಗ ಇವಳ ಕೈ ಸುಮ್ಮನಿರುತ್ತದೆಯೇ? ಇಷ್ಟು ವರ್ಷದ ಕೈ. "ಒರೆಸಬೇಡ ಕಣೆ, ಒರೆಸಬೇಡ," ಎಂದು ನಾನು ಫೋನಿಗೆ ಹೇಳಿದೆ, ಅವಳಿಗೆ ಕೇಳಿಸುತ್ತದೇನೋ ಅನ್ನುವ ಹಾಗೆ.

ಗೋಡೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಗೆರೆ ಮೂಡಿತು. ಆಮೇಲೆ ಇನ್ನೊಂದು. ನಾಲ್ಕು ಗೆರೆ ಸೇರಿ ಒಂದು ಪುಟ್ಟ ಚೌಕವಾಯಿತು. ಕರಿಹಲಗೆಯ ಮೂಲೆಯಲ್ಲಿ ಟೀಚರುಗಳು ಬರೆಯುತ್ತಾರಲ್ಲ, ಹಾಗೇ ಆ ಚೌಕದೊಳಗೆ ಅವಳು ದುಂಡಗೆ ಬರೆದಳು: 'ದಯವಿಟ್ಟು ಅಳಿಸಬೇಡಿ.'

ಸಂಜೆ ಅವಳು ಬಂದಾಗ ಮೂವರೂ ಬಾಗಿಲಲ್ಲೇ ನಿಂತಿದ್ದೆವು. ನನ್ನ ಮಗ ಅರ್ಧ ದಿನ ರಜೆ ಹಾಕಿದ್ದ. ಅವಳು ಚಪ್ಪಲಿ ಬಿಟ್ಟು, ಚೀಲದಿಂದ ಬೀನ್ಸ್ ತೆಗೆದು ನನ್ನ ಕೈಗಿಟ್ಟಳು.

"ನಾನು ಇವತ್ತು ಕೇಳಿರಲೇ ಇಲ್ವಲ್ಲೇ?" ಎಂದೆ.

"ಮಂಡಳಿಯವರ ಅಪ್ಪಣೆ. ಗೋಡೆಯಲ್ಲಿ ಹಳೇದೆಲ್ಲ ನೋಡ್ತಾ ನಿಮ್ಮ ಚೌಕದಲ್ಲಿ ಬೀನ್ಸ್ ನೋಡಿದ್ರು. 'ಹತ್ತನೇ ಕ್ಲಾಸು ನಿಮಗೇ ಇರಲಿ ಮೇಡಂ, ಮೊದಲು ಕೊನೆ ಬೆಂಚಿಗೆ ಬೀನ್ಸ್ ತಗೊಂಡು ಹೋಗಿ' ಅಂದ್ರು ಅತ್ತೆ."

ಅಷ್ಟು ಹೇಳಿ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ನಾನೂ ಅತ್ತುಬಿಟ್ಟೆ. ಚೂಟಿ ಚೀಲದಿಂದ ಟ್ಯಾಬನ್ನು ತೆಗೆದು ಕಪಾಟಿನಲ್ಲಿಟ್ಟು, ಅನ್ನದ ಪಾತ್ರೆಯನ್ನು ತಂದು ಮೇಜಿನ ನಟ್ಟನಡುವೆ, ಅದರ ಜಾಗದಲ್ಲಿ ಇಟ್ಟಳು.